ವಯಸ್ಸಿನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು?

(ಸನತ್‌ನಗರದಲ್ಲಿ ನಡೆದ ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ನಾನು ವೈದ್ಯನಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿ ನಿವೃತ್ತನಾದವನು. ಶ್ವಾಸಕೋಶದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ, ಡಾಕ್ಟರನ್ನು ಕರೆಸಿ ಎಂದೆ. "ಡಾಕ್ಟರನ್ನು ಇನ್ನೊಮ್ಮೆ ಕರೆಸೋಣ, ನಿಮ್ಮ ಅಕ್ಕನ ವಿಷಯ ನೀವೇ ಹೇಳಬೇಕು" ಎಂದರು. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಅಕ್ಕನಿಗೆ ಈಗ 68. ಊರು ಲಿಂಗಸೂಗೂರು ಕಡೆ. ಹಬ್ಬಕ್ಕೆ ಇಲ್ಲಿಗೆ ಬಂದರೆ ತಿಂಗಳೊಪ್ಪತ್ತು ಇರುತ್ತಾಳೆ. ನಮ್ಮ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೊದಲು ಒಂದೇ ಉಸಿರಿಗೆ ಹತ್ತಿ ಬರುತ್ತಿದ್ದವಳು ಒಂದು ವರ್ಷ ಮೊದಲ ಮಹಡಿಯಲ್ಲಿ ನಿಂತಳು. ಮರುವರ್ಷ ಮೆಟ್ಟಿಲ ಮೇಲೆ ಕೂತಳು. "ತಮ್ಮಾ, ದಮ್ಮು ಬರಾಕ ಹತ್ಯಾದ" ಅಂದಳು. ನಾನು, "ವಯಸ್ಸಾತಲ್ಲಕ್ಕ, ನನಗೂ ಹಂಗೇ ಆಗ್ತದ" ಅಂದೆ. ಮೂರು ವರ್ಷ ಇದೇ ಉತ್ತರ ಕೊಟ್ಟೆ. ಓದಿದ ತಮ್ಮ ಹೇಳಿದ್ದು ಎಂದು ಅವಳು ನಂಬಿದಳು.

ಒಂದು ಚಳಿಗಾಲದ ರಾತ್ರಿ ಅವಳಿಗೆ ಮಲಗಲೇ ಆಗಲಿಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು. ಬೆಳಿಗ್ಗೆ ಎರ್ರಗಡ್ಡದ ಸರ್ಕಾರಿ ಛಾತಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಮಗೆಲ್ಲ ಪಕ್ಕದಲ್ಲೇ ಇರುವ ಆಸ್ಪತ್ರೆ. ಎಷ್ಟೋ ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಹೋಗಿರಲಿಲ್ಲ.

ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ, ಎಕ್ಸ್‌ರೇ ಆಯಿತು. ಏದುಸಿರು ಹೃದಯದಿಂದಲೂ ಬರಬಹುದು, ರಕ್ತ ಕಡಿಮೆಯಾದರೂ ಬರಬಹುದು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸ್ಪೈರೋಮೆಟ್ರಿ ಮಾಡಿದರು. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಒಂದು ಕೊಳವೆಯೊಳಗೆ ಜೋರಾಗಿ, ಎಲ್ಲ ಖಾಲಿಯಾಗುವವರೆಗೆ ಊದಬೇಕು. ಕನಿಷ್ಠ ಮೂರು ಸಲ. ಆಮೇಲೆ ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಅಕ್ಕ ನನ್ನ ಕಡೆ ನೋಡಿ, "ಜೀವಮಾನ ಎಲ್ಲಾ ಒಲಿ ಊದೀನಿ, ಇದೇನ್ ದೊಡ್ಡದು" ಅಂದಳು. ಆದರೆ ಊದಲು ಆಗಲಿಲ್ಲ.

ವರದಿಯಲ್ಲಿ ಒಟ್ಟು ಹೊರಹಾಕಿದ ಗಾಳಿ 1.42 ಲೀಟರ್. ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು 0.74 ಲೀಟರ್. ಇರಬೇಕಾದದ್ದರ ಶೇಕಡಾ 46. ನಾನು ಡಾಕ್ಟರಿಗೆ, "ವಯಸ್ಸಾಗಿದೆಯಲ್ಲ ಸಾರ್" ಅಂದೆ. ಅವರು ಬೆರಳಿಟ್ಟು ತೋರಿಸಿದರು: "ಇಲ್ಲಿ ನೋಡಿ, ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಲ್ಲ ಹಾಕಿಯೇ 'ಇರಬೇಕಾದದ್ದು' ಲೆಕ್ಕ ಮಾಡಿರುವುದು. ವಯಸ್ಸಿನ ಪಾಲನ್ನು ಯಂತ್ರ ಮೊದಲೇ ಕಳೆದಿದೆ. ಈಗ ಕಡಿಮೆ ಬಿದ್ದಿರುವುದು ವಯಸ್ಸಲ್ಲ, ಕಾಯಿಲೆ."

ಇಂದು ನಿಮಗೆ ಹೇಳಬೇಕೆಂದು ಬಂದದ್ದು ಈ ಒಂದೇ ಮಾತು. ಉಳಿದದ್ದೆಲ್ಲ ಇದರ ವಿವರಣೆ.

ವಯಸ್ಸಿನ ಪಾಲು ಇದ್ದೇ ಇದೆ. ನಮ್ಮ ಶ್ವಾಸಕೋಶ ಇಪ್ಪತ್ತರಿಂದ ಇಪ್ಪತ್ತೈದರ ಹೊತ್ತಿಗೆ ಪೂರ್ಣ ಬೆಳೆಯುತ್ತದೆ. ಕೆಲವು ವರ್ಷ ಹಾಗೇ ನಿಲ್ಲುತ್ತದೆ. ಮೂವತ್ತೈದರ ಆಸುಪಾಸಿನಿಂದ ಆ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್‌ನಂತೆ ಇಳಿಯುತ್ತದೆ. ಕಾರಣ ಮೂರು. ಶ್ವಾಸಕೋಶದ ಸ್ಥಿತಿಸ್ಥಾಪಕತೆ, ಅಂದರೆ ರಬ್ಬರಿನ ಹಾಗೆ ಎಳೆದುಕೊಳ್ಳುವ ಗುಣ, ಕಡಿಮೆಯಾಗುತ್ತದೆ. ಪಕ್ಕೆಲುಬಿನ ಗೂಡು ಬಿಗಿಯಾಗುತ್ತದೆ. ಉಸಿರಾಟದ ಸ್ನಾಯುಗಳು ಸೋಲುತ್ತವೆ. ಶ್ವಾಸಕೋಶ ಹಿಡಿಯುವ ಒಟ್ಟು ಗಾಳಿ ಅಷ್ಟಾಗಿ ಬದಲಾಗುವುದಿಲ್ಲ, ಹೊರಗೆ ಬಾರದೆ ಒಳಗೇ ಉಳಿಯುವ ಗಾಳಿ ಹೆಚ್ಚುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಪುಸ್ತಕದಲ್ಲಿದೆ, ವಸೂಲಾಗುವುದಿಲ್ಲ.

ಕಾಮರ್ಸ್ ಓದಿದವರಿಗೆ ಇದು ಸವಕಳಿ. ಯಂತ್ರ ಕೊಂಡ ಮೇಲೆ ವರ್ಷ ವರ್ಷ ಇಷ್ಟು ಎಂದು ಬರೆದು ಹಾಕುತ್ತೇವಲ್ಲ, ಹಾಗೆ. ಉದಾಹರಣೆಗೆ, ಮೂವತ್ತೈದರಲ್ಲಿ 4 ಲೀಟರ್ ಇದ್ದ ಗಂಡಸಿಗೆ ವರ್ಷಕ್ಕೆ 30 ಮಿಲಿಯಂತೆ ಮೂವತ್ತು ವರ್ಷದಲ್ಲಿ 900 ಮಿಲಿ ಹೋಗುತ್ತದೆ. ಅರವತ್ತೈದರಲ್ಲಿ 3 ಲೀಟರಿಗೂ ಹೆಚ್ಚು ಉಳಿದಿರುತ್ತದೆ. ಮೆಟ್ಟಿಲು ಹತ್ತಲು, ತರಕಾರಿ ಚೀಲ ಹಿಡಿದು ನಡೆಯಲು ಅದು ಧಾರಾಳ ಸಾಕು. ದೇವರು ನಮಗೆ ಬಹಳ ಮೀಸಲು ಇಟ್ಟೇ ಕಳಿಸಿದ್ದಾನೆ. ಅದಕ್ಕೇ ಕಾಯಿಲೆ ಅರ್ಧ ತಿನ್ನುವವರೆಗೂ ನಮಗೆ ಗೊತ್ತಾಗುವುದಿಲ್ಲ.

ಈ ಲೆಕ್ಕ ಹೊಸದೇನಲ್ಲ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತಾನು ರೂಪಿಸಿದ ಸ್ಪೈರೋಮೀಟರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದು ಪ್ರಕಟಿಸಿದ. ಎತ್ತರದ ಜೊತೆ ಏರುತ್ತದೆ, ವಯಸ್ಸಿನ ಜೊತೆ ಇಳಿಯುತ್ತದೆ ಎಂದು ಕಂಡುಕೊಂಡ. ಜೀವವಿಮೆ ಕಂಪನಿಗಳಿಗೆ ಇದು ಉಪಯೋಗ ಎಂದೂ ಹೇಳಿದ. ಮುಂದೆ 1977ರಲ್ಲಿ ಫ್ಲೆಚರ್ ಮತ್ತು ಪೀಟೊ ಎಂಬ ಇಬ್ಬರು, ಲಂಡನ್ನಿನ ಸುಮಾರು 800 ದುಡಿಯುವ ಗಂಡಸರನ್ನು ಎಂಟು ವರ್ಷ ಅಳೆದ ಲೆಕ್ಕ ಕೊಟ್ಟರು. ಸಿಗರೇಟು ಸೇದುವ ಕೆಲವರಲ್ಲಿ ಈ ಇಳಿತ ಬಹಳ ವೇಗ. ಬಿಟ್ಟರೆ ಕಳೆದುಕೊಂಡದ್ದು ಮರಳುವುದಿಲ್ಲ, ಆದರೆ ಮುಂದಿನ ಇಳಿತ ಸೇದದವರ ಮಟ್ಟಕ್ಕೆ ಬರುತ್ತದೆ. ಅಂದರೆ ಅರವತ್ತರಲ್ಲಿ ಬಿಟ್ಟರೂ ಲಾಭವೇ. "ಈಗ ಬಿಟ್ಟು ಏನು ಪ್ರಯೋಜನ" ಎನ್ನುವ ಗೆಳೆಯರು ಈ ಸಭೆಯಲ್ಲೇ ಇದ್ದಾರೆ, ಅವರಿಗಾಗಿ ಹೇಳಿದೆ.

ನನ್ನ ಅಕ್ಕ ಬೀಡಿ ಮುಟ್ಟಿದವಳಲ್ಲ. ಹಾಗಾದರೆ ಅವಳಿಗೆ ಯಾಕೆ? ಉತ್ತರ ನಮ್ಮ ಮೈಸೂರಿನಿಂದಲೇ ಬಂದಿದೆ. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ, ಧೂಮಪಾನ ಮಾಡದ ಹೆಂಗಸರ ಮೇಲೆ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ಅವರ ಲೆಕ್ಕ ಸರಳ: ದಿನಕ್ಕೆ ಎಷ್ಟು ಗಂಟೆ ಕಟ್ಟಿಗೆ, ಬೆರಣಿಯ ಒಲೆಯ ಮುಂದೆ ಅಡುಗೆ ಮಾಡಿದಿರಿ, ಅದನ್ನು ಎಷ್ಟು ವರ್ಷ ಮಾಡಿದಿರೋ ಅದರಿಂದ ಗುಣಿಸಿ. 60 ತಲುಪಿದರೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಗಣನೀಯ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ, ಅಲ್ಲಿಗೆ 60 ಆಯಿತು. ನನ್ನ ಅಕ್ಕ ದಿನಕ್ಕೆ ನಾಲ್ಕು ಗಂಟೆಯಂತೆ ನಲವತ್ತು ವರ್ಷ ಕೂತಿದ್ದಾಳೆ. 160. ಆ ಒಲೆಯ ರೊಟ್ಟಿ ತಿಂದು ಶಾಲೆ ಓದಿದವನು ನಾನು.

ಇಲ್ಲಿರುವ ತಾಯಂದಿರು ಒಮ್ಮೆ ಮನಸ್ಸಿನಲ್ಲೇ ಗುಣಿಸಿ ನೋಡಿ. ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು ಎನ್ನಬೇಡಿ, ಹಳೆಯ ಖಾತೆ ಹಾಗೆ ಮುಗಿಯುವುದಿಲ್ಲ. ಗಂಡಸರೂ ನೋಡಿಕೊಳ್ಳಿ. ಇದು ಕೈಗಾರಿಕೆಯ ಬಡಾವಣೆ. ಫೌಂಡ್ರಿ, ವೆಲ್ಡಿಂಗ್, ಪೇಂಟಿಂಗ್ ಶೆಡ್ಡುಗಳಲ್ಲಿ ಆಯುಷ್ಯ ಕಳೆದವರು ನಮ್ಮ ಸದಸ್ಯರಲ್ಲೇ ಇದ್ದಾರೆ.

ಅಕ್ಕನ ಕಾಯಿಲೆಯ ಹೆಸರು ಸಿಒಪಿಡಿ. ಪೂರ್ತಿ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆದರೆ ದಿನಾ ಇನ್‌ಹೇಲರ್, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಉಸಿರಾಟದ ವ್ಯಾಯಾಮ, ದಿನಾ ನಡಿಗೆ, ಇಷ್ಟರಿಂದ ಈಗ ಅವಳು ನಮ್ಮ ಮನೆಗೆ ಒಂದೇ ಕಡೆ ನಿಂತು ಹತ್ತಿ ಬರುತ್ತಾಳೆ. ರಾತ್ರಿ ಮಲಗುತ್ತಾಳೆ. ಮೂರು ವರ್ಷ ಮೊದಲೇ ಹೋಗಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ಆ ನಷ್ಟ ನನ್ನ ಹೆಸರಿನಲ್ಲೇ ಬರೆದುಕೊಂಡಿದ್ದೇನೆ.

ಈಗ ನಿಧಿಯ ವಿಷಯ. ಆಪರೇಷನ್ ಎಂದರೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರೆ, ನಾವು ತಕ್ಷಣ ಚೆಕ್ ಬರೆಯುತ್ತೇವೆ. ಒಳ್ಳೆಯದೇ. ಆದರೆ ಈ ಕಾಯಿಲೆಯವರನ್ನು ಸೋಲಿಸುವುದು ಒಂದು ಸಲದ ದೊಡ್ಡ ಖರ್ಚಲ್ಲ, ಪ್ರತಿ ತಿಂಗಳ ಸಣ್ಣ ಖರ್ಚು. ಇನ್‌ಹೇಲರ್ ಮುಗಿಯುತ್ತದೆ, ಸ್ವಲ್ಪ ಹಗುರಾಗಿದೆ, ಮುಂದಿನ ತಿಂಗಳು ತಂದರಾಯಿತು ಎಂದು ಬಿಡುತ್ತಾರೆ. ಚಳಿಗಾಲದಲ್ಲಿ ಉಲ್ಬಣಿಸಿ ಆಸ್ಪತ್ರೆ ಸೇರುತ್ತಾರೆ. ಆಗ ನಮ್ಮ ದೊಡ್ಡ ಚೆಕ್ ಬೇಕಾಗುತ್ತದೆ.

ಆದ್ದರಿಂದ ನನ್ನ ವಿನಂತಿ ಎರಡು. ಒಂದು, ಅರವತ್ತು ದಾಟಿದ, ಕೆಮ್ಮೋ ಏದುಸಿರೋ ಇರುವ ನಮ್ಮ ಕುಟುಂಬದವರ ಸ್ಪೈರೋಮೆಟ್ರಿಗೆ ನಿಧಿ ಸಹಾಯ ಮಾಡಲಿ, ಜೊತೆಗೆ ಹೋಗಲು ಒಬ್ಬ ಸದಸ್ಯರಿರಲಿ. ಎರಡು, ಕೈಲಾಗದವರಿಗೆ ತಿಂಗಳ ಇನ್‌ಹೇಲರ್ ಕೊಡಿಸುವುದನ್ನು ನಿಧಿಯ ಕಾಯಂ ಕೆಲಸವಾಗಿ ಮಾಡೋಣ. ಅದಕ್ಕೆ ಒಂದೇ ಸಲದ ದೇಣಿಗೆಗಿಂತ ತಿಂಗಳ ದೇಣಿಗೆ ಬೇಕು. ನಿಮ್ಮ ಬ್ಯಾಂಕಿನಲ್ಲಿ ಒಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಸಾಕು. ಅರ್ಜಿ ತುಂಬಲು ಬಾರದಿದ್ದರೆ ನನ್ನನ್ನು ಕರೆಯಿರಿ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ನನ್ನದನ್ನು ಈಗಾಗಲೇ ಖಜಾಂಚಿಗಳ ಕೈಗೆ ಕೊಟ್ಟಿದ್ದೇನೆ.

ನಾವು ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡುತ್ತೇವೆ. ಉಸಿರು ಹೇಗಿದೆ ಎಂದು ಬ್ಯಾಂಕು ಕೇಳುವುದಿಲ್ಲ. ಮನೆಯವರು ಕೇಳಬೇಕು. ಈ ಸಲ ಆ ಪತ್ರ ಕೊಟ್ಟು ಬರುವ ದಿನವೇ ನಿಮ್ಮ ಅಕ್ಕನಿಗೋ ಅಮ್ಮನಿಗೋ ಫೋನ್ ಮಾಡಿ ಕೇಳಿ. ದಮ್ಮು ಬರುತ್ತದೆ ಎಂದರೆ, ದಯವಿಟ್ಟು ನಾನು ಕೊಟ್ಟ ಉತ್ತರ ಕೊಡಬೇಡಿ.