ಬ್ಯಾಗ್ ಕಾಯೋಕೆ ಯಾರು ಕೂರ್ತಾರೆ? ಅಮೆರಿಕದಿಂದ ಬಂದ ಅಕ್ಕನ ಮನೆಯವರ ಜೊತೆ ಹೈದರಾಬಾದಲ್ಲಿ ಪಾರ್ಕ್ ಟ್ರಿಪ್

ಇವತ್ತು ಅಪ್ರೈಸಲ್, ಹೋಮ್ ಲೋನ್, ನೋಟಿಸ್ ಪೀರಿಯಡ್ ಯಾವುದೂ ಬೇಡ. ಏಪ್ರಿಲ್ ಮುಗೀತಾ ಬಂದ ಹಾಗೆ ನಮ್ಮಂಥವರ ಮನೆಗಳಲ್ಲಿ ಒಂದು ಫೋನ್ ಬರುತ್ತೆ. ‘ಟಿಕೆಟ್ ಬುಕ್ ಆಯ್ತು ಕಣೋ, ಜೂನಲ್ಲಿ ಬರ್ತಾ ಇದೀವಿ.’ ಅಕ್ಕನೋ, ಅಣ್ಣನೋ, ಚಿಕ್ಕಪ್ಪನ ಮಗನೋ, ಯಾರಾದ್ರೂ ಒಬ್ಬರು. ಫೋನ್ ಇಟ್ಟ ಐದು ನಿಮಿಷಕ್ಕೆ ಮನೆಯಲ್ಲಿ ಚರ್ಚೆ ಶುರು: ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?

ನಾನು ಹೈದರಾಬಾದಿಗೆ ಬಂದು ಹನ್ನೊಂದು ವರ್ಷ. ಆಫೀಸು ಗಚ್ಚಿಬೌಲಿ, ಮನೆ ನಲ್ಲಗಂಡ್ಲ. ಊರು ದಾವಣಗೆರೆ. ಅಕ್ಕ ನ್ಯೂಜೆರ್ಸಿಯಲ್ಲಿ. ಮೂರು ವರ್ಷಕ್ಕೊಂದು ಸಲ ಬರ್ತಾಳೆ. ಅವಳು ಬಂದಾಗ ಅಪ್ಪಾಜಿ, ಅಮ್ಮ ಇಬ್ಬರೂ ದಾವಣಗೆರೆಯಿಂದ ನಮ್ಮ ಮನೆಗೇ ಬರ್ತಾರೆ. ಒಟ್ಟು ಒಂಬತ್ತು ಜನ. ಇಷ್ಟು ಜನರನ್ನ ಎರಡು ಸಲ ಪಾರ್ಕಿಗೆ ಕರ್ಕೊಂಡು ಹೋಗಿದೀನಿ. ಮೊದಲನೇ ಸಲ ಕೆಟ್ಟದಾಗಿ ಮುಗೀತು, ಎರಡನೇ ಸಲ ಪರವಾಗಿಲ್ಲ. ಎರಡನ್ನೂ ಹೇಳ್ತೀನಿ.

ಮೊದಲನೇ ಸಲ ಹೋಗಿದ್ದು ಮೇ ತಿಂಗಳಲ್ಲಿ. ಕಸಿನ್ ಮದುವೆ ಇತ್ತು ಅಂತ ಅಕ್ಕ ಮಕ್ಕಳ ಸ್ಕೂಲು ತಪ್ಪಿಸಿ ಬಂದಿದ್ಲು. ನಾನು ಎಕ್ಸೆಲ್ ಶೀಟ್ ಮಾಡಿದ್ದೆ. ನಗಬೇಡಿ, ನೀವೂ ಮಾಡಿರ್ತೀರಿ. ಯಾವ ರೈಡು ಎಷ್ಟು ಗಂಟೆಗೆ, ಊಟ ಎಲ್ಲಿ, ಎಲ್ಲಾ ಕಾಲಂ ಹಾಕಿ. ಅದರಲ್ಲಿ ಇಲ್ಲದೇ ಇದ್ದ ಕಾಲಂ ಒಂದೇ, ಅಮ್ಮ ಎಲ್ಲಿರ್ತಾರೆ ಅನ್ನೋದು. ಹೊರಗೆ ನಲವತ್ತೊಂದು ಡಿಗ್ರಿ. ಪಾರ್ಕಿನ ಹೆಸರು ಬೇಡ, ತಪ್ಪು ಪಾರ್ಕಿನದಲ್ಲ, ನನ್ನದು. ಮಧ್ಯಾಹ್ನ ಎರಡೂವರೆಗೆ ಅಮ್ಮ ಕ್ಯೂನಲ್ಲಿ ನಿಂತಿದ್ದವರು ಹಾಗೇ ಕುಸಿದರು.

ಫಸ್ಟ್ ಏಡ್ ರೂಮಲ್ಲಿ ಮಲಗಿಸಿ ಓಆರ್‌ಎಸ್ ಕುಡಿಸಿದ ಮೇಲೆ ಗೊತ್ತಾಯ್ತು, ಬೆಳಿಗ್ಗೆಯಿಂದ ಅವರು ನೀರೇ ಕುಡಿದಿರಲಿಲ್ಲ. ಯಾಕೆ ಅಂದ್ರೆ ಟಾಯ್ಲೆಟ್ ದೂರ ಇತ್ತು. ‘ನಿಮ್ಮನ್ನೆಲ್ಲ ಯಾಕೆ ನಿಲ್ಲಿಸೋದು ಅಂತ ಸುಮ್ನಿದ್ದೆ’ ಅಂದ್ರು. ನಮ್ಮ ಅಮ್ಮಂದಿರು ಪ್ರಯಾಣದಲ್ಲಿ ನೀರು ಕುಡಿಯಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಚಿಕ್ಕಂದಿನಿಂದ ಬಸ್ಸಲ್ಲಿ ನೋಡಿದೀನಿ. ಜೊತೆಗೆ ಬಿಪಿ ಮಾತ್ರೆ. ಡಾಕ್ಟರ್ ಆಮೇಲೆ ಬೈದರು. ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿರೋ ನೀರನ್ನ ಮೂತ್ರದ ಮೂಲಕ ಹೊರಗೆ ಹಾಕ್ತಾವೆ. ಅಂಥ ಮಾತ್ರೆ ತಗೊಂಡು, ನೀರು ಕುಡಿಯದೆ, ಮೇ ಬಿಸಿಲಲ್ಲಿ ನಿಂತರೆ ಬೀಳದೆ ಇನ್ನೇನಾಗುತ್ತೆ ಅಂದ್ರು. ಹಿರಿಯರನ್ನ ಕರ್ಕೊಂಡು ಹೋಗೋರು ಅವರ ಮಾತ್ರೆ ಚೀಟಿ ತಗೊಂಡು ಹೋಗಿ ಡಾಕ್ಟರ್ ಹತ್ರ ಒಂದು ಮಾತು ಕೇಳಿಬಿಡಿ. ಐದು ನಿಮಿಷದ ಕೆಲಸ.

ಆದ್ರೆ ನನ್ನನ್ನ ಹೆಚ್ಚು ಕಾಡಿದ್ದು ಆಮೇಲೆ ಅಪ್ಪಾಜಿ ಹೇಳಿದ ಒಂದು ಮಾತು. ಮನೆಗೆ ಬಂದು, ಅಮ್ಮ ಮಲಗಿದ ಮೇಲೆ, ಬಾಲ್ಕನಿಯಲ್ಲಿ ಕೂತು ಅಂದ್ರು: ‘ಪಾರ್ಕು ಚೆನ್ನಾಗಿತ್ತಪ್ಪ. ನಾವು ಬ್ಯಾಗ್ ಕಾದ್ವಿ.’

ದೂರಲ್ಲ ಅದು, ಅವರಿಗೆ ದೂರೋ ಅಭ್ಯಾಸ ಇಲ್ಲ. ಆದ್ರೆ ಲೆಕ್ಕ ಹಾಕಿದೆ. ಎಂಟು ಗಂಟೆ ಪಾರ್ಕಲ್ಲಿದ್ವಿ. ಅದರಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ಇದ್ದಿದ್ದು ಊಟದ ನಲವತ್ತು ನಿಮಿಷ. ಉಳಿದಿದ್ದೆಲ್ಲ ಬೆಂಚಿನ ಮೇಲೆ, ಕಾಲ ಹತ್ರ ಆರು ಬ್ಯಾಗು, ಕೈಯಲ್ಲಿ ಭಾವನ ಕೂಲಿಂಗ್ ಗ್ಲಾಸು. ಅಪ್ಪಾಜಿಗೆ ಈಗ ಎಪ್ಪತ್ತಾರು. ಅಕ್ಕ ಮೂರು ವರ್ಷಕ್ಕೊಂದು ಸಲ ಬರ್ತಾಳೆ. ಮುಂದಿನ ಸಲ ಎಪ್ಪತ್ತೊಂಬತ್ತು, ಅದರ ಮುಂದಿನದು ಎಂಬತ್ತೆರಡು. ನಾನು ಇದಕ್ಕಿಂತ ಮುಂದೆ ಲೆಕ್ಕ ಹಾಕಲಿಲ್ಲ.

ಹಾಗಾಗಿ ಎರಡನೇ ಸಲ, ಅಂದ್ರೆ ಹೋದ ಜೂನಲ್ಲಿ, ಶೀಟನ್ನ ತಲೆಕೆಳಗೆ ಮಾಡಿದೆ. ಮೊದಲನೇ ಸಾಲು ಅಮ್ಮ, ಎರಡನೇ ಸಾಲು ಅಪ್ಪಾಜಿಯ ಮಂಡಿ. ರೈಡುಗಳು ಕೊನೆಗೆ.

ಮೊದಲು ದಿನ ಗೊತ್ತು ಮಾಡೋದು. ಇಲ್ಲೊಂದು ತಮಾಷೆ ಇದೆ. ಅವರ ಬೇಸಿಗೆ ರಜೆಗೂ ನಮ್ಮ ಬೇಸಿಗೆ ರಜೆಗೂ ಭೇಟಿನೇ ಆಗಲ್ಲ. ತೆಲಂಗಾಣದ ಸ್ಕೂಲುಗಳು ಏಪ್ರಿಲ್ ಕೊನೆಗೆ ಮುಚ್ಚಿ ಜೂನ್ ಎರಡನೇ ವಾರ ತೆರೀತಾವೆ. ನ್ಯೂಜೆರ್ಸಿಯಲ್ಲಿ ಸ್ಕೂಲು ಬಿಡೋದೇ ಜೂನ್ ಮೂರನೇ ವಾರ. ಅವರು ಬಂದು ಇಳಿಯೋ ಹೊತ್ತಿಗೆ ನನ್ನ ಮಗಳು ಹೊಸ ಯೂನಿಫಾರ್ಮ್ ಹಾಕ್ಕೊಂಡು ಸ್ಕೂಲ್ ಬಸ್ ಹತ್ತಿರ್ತಾಳೆ. ಮೊದಲು ಇದು ತಲೆನೋವು ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಒಳ್ಳೇದೇ. ಅಷ್ಟೊತ್ತಿಗೆ ಇಲ್ಲಿ ಮಳೆಗಾಲ ಕಾಲಿಟ್ಟಿರುತ್ತೆ, ನಲವತ್ತರ ಬಿಸಿಲು ಇಳಿದಿರುತ್ತೆ. ಊರಿನ ಮಕ್ಕಳಿಗೆಲ್ಲ ಸ್ಕೂಲು ಇರೋದ್ರಿಂದ ವಾರದ ಮಧ್ಯೆ ಪಾರ್ಕಲ್ಲಿ ಕ್ಯೂ ಚಿಕ್ಕದು. ಮಗಳಿಗೆ ಒಂದು ಮಂಗಳವಾರ ರಜೆ ಹಾಕಿಸಿದೆ. ಭಾನುವಾರ ಬೇಡ್ವೇ ಬೇಡ. ಆಷಾಢದಲ್ಲಿ ಗೋಲ್ಕೊಂಡದಿಂದ ಬೋನಾಲು ಶುರುವಾದ್ರೆ ನಮ್ಮ ಕಡೆಯ ರಸ್ತೆಗಳು ಯಾವಾಗ ನಿಲ್ತಾವೋ ಹೇಳೋಕಾಗಲ್ಲ.

ಇನ್ನೊಂದು, ಇಳಿದ ವಾರವೇ ಹೊರಡಬೇಡಿ. ನ್ಯೂಜೆರ್ಸಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮಕ್ಕಳು ಬೆಳಗಿನ ಜಾವ ಮೂರಕ್ಕೆ ಎದ್ದು ಸಂಜೆ ನಾಲ್ಕಕ್ಕೆ ಸೋಫಾ ಮೇಲೆ ಬೀಳ್ತಾವೆ. ಮೊದಲನೇ ಸಲ ಮೂರನೇ ದಿನಕ್ಕೇ ಕರ್ಕೊಂಡು ಹೋಗಿದ್ದೆ. ಈ ಸಲ ಒಂದು ವಾರ ಬಿಟ್ಟೆ.

ಈಗ ಪಾರ್ಕು. ಹೈದರಾಬಾದಲ್ಲಿ ದೊಡ್ಡದು ಅಂದ್ರೆ ಎರಡು. ಒಂದು ರಾವಿರ್ಯಾಲದ ವಂಡರ್‌ಲಾ, ಔಟರ್ ರಿಂಗ್ ರೋಡಲ್ಲಿ 13ನೇ ಎಕ್ಸಿಟ್, 2016ರಲ್ಲಿ ಶುರುವಾಗಿದ್ದು. ಬಿಡದಿಯದನ್ನ ನೋಡಿದವರಿಗೆ ಹೊಸದಾಗಿ ಹೇಳ್ಬೇಕಾಗಿಲ್ಲ. ಇನ್ನೊಂದು ವಿಜಯವಾಡ ಹೈವೇಯ ರಾಮೋಜಿ ಫಿಲ್ಮ್ ಸಿಟಿ, 1996ರದ್ದು, ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಅಂತ ಗಿನ್ನೆಸ್ ದಾಖಲೆ ಇರೋದು. ಅಕ್ಕನ ಮಗಳಿಗೆ ಹದಿಮೂರು, ಮಗನಿಗೆ ಹತ್ತು. ಅವರಿಗೆ ಬೇಕಿದ್ದು ರೋಲರ್ ಕೋಸ್ಟರು. ‘ಫಿಲ್ಮ್ ಸಿಟಿ ಇಸ್ ಬೋರಿಂಗ್’ ಅಂತ ವಾಟ್ಸಾಪಲ್ಲೇ ತೀರ್ಪು ಬಂದಿತ್ತು.

ನಾನು ಎರಡು ದಿನ ಮಾಡಿದೆ. ವಂಡರ್‌ಲಾ ಮಕ್ಕಳಿಗೆ, ಭಾವನಿಗೆ, ನನಗೆ. ಹಿರಿಯರು ಮನೇಲಿ, ಅಕ್ಕ ಅಮ್ಮನ ಜೊತೆ. ಆ ದಿನ ಅಕ್ಕ ಅಮ್ಮ ಇಬ್ಬರೇ ಏನು ಮಾತಾಡಿದ್ರೋ ಗೊತ್ತಿಲ್ಲ, ಸಂಜೆ ಇಬ್ಬರ ಕಣ್ಣೂ ಊದಿತ್ತು. ರಾಮೋಜಿ ಎಲ್ಲರಿಗೂ. ಕಾರಣ ಸರಳ: ಅಲ್ಲಿ ಹೆಚ್ಚಿನ ಹೊತ್ತು ಬಸ್ಸಲ್ಲಿ ಕೂತಿರ್ತೀವಿ. ಗೇಟಿಂದ ಒಳಗೆ ಬಸ್ಸು, ಸೆಟ್‌ಗಳನ್ನ ತೋರಿಸೋಕೆ ಇನ್ನೊಂದು ಬಸ್ಸು. ಬಸ್ಸಲ್ಲಿ ಬ್ಯಾಗ್ ಕಾಯೋಕೆ ಯಾರೂ ಬೇಡ.

ವಂಡರ್‌ಲಾ ಬಗ್ಗೆ ಒಂದೇ ವಿಷಯ ಹೇಳ್ತೀನಿ, ಅದು ಮನೇಲೇ ಅಳತೆ ಮಾಡಿಕೊಂಡು ಹೋಗಿ ಅನ್ನೋದು. ದೊಡ್ಡ ರೈಡುಗಳಿಗೆ ಅಲ್ಲಿ 140 ಸೆಂಟಿಮೀಟರ್ ಎತ್ತರ ಬೇಕು. ಅಕ್ಕನ ಮಗ 138. ಅವನಿಗೆ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸಲ್ಲಿ ಎಲ್ಲಾ ಹತ್ತಿ ಅಭ್ಯಾಸ, ಯಾಕಂದ್ರೆ ಅಲ್ಲಿ ಬಹಳಷ್ಟು ಕೋಸ್ಟರ್‌ಗಳಿಗೆ ಮಿತಿ 48 ಇಂಚು, ಇಲ್ಲಾ 54 ಇಂಚು. 54 ಇಂಚು ಅಂದ್ರೆ 137 ಸೆಂಟಿಮೀಟರ್. ಅಲ್ಲಿ ದೊಡ್ಡೋನು, ಇಲ್ಲಿ ಚಿಕ್ಕೋನು! ಹಿಂದಿನ ರಾತ್ರಿ ಗೋಡೆಗೆ ನಿಲ್ಲಿಸಿ ಪೆನ್ಸಿಲಲ್ಲಿ ಗೆರೆ ಎಳೆದು ವಿಷಯ ಹೇಳಿದೆ. ಅಕ್ಕ ‘ಎರಡು ಸೆಂಟಿಮೀಟರಿಗೆ ಏನಾಗುತ್ತೆ, ಒಂದು ಮಾತು ಕೇಳೋ’ ಅಂದ್ಲು. ಕೇಳಲಿಲ್ಲ. ಆ ಗೆರೆ ಸೀಟಿನ ಬೆಲ್ಟಿಗೆ ಸಂಬಂಧಪಟ್ಟಿದ್ದು, ಮಾತಿಗಲ್ಲ. ಅವನು ರಾತ್ರಿಯೇ ಅತ್ತು ಮುಗಿಸಿದ, ಪಾರ್ಕಲ್ಲಿ ಅಳಲಿಲ್ಲ. ಇಡೀ ದಿನ ನೀರಲ್ಲೇ ಇದ್ದ. ಹ್ಞಾ, ನೀರಿಗಿಳಿಯೋಕೆ ಕಾಟನ್ ಬಟ್ಟೆ ನಡೆಯಲ್ಲ, ಈಜುಡುಗೆ ಮನೆಯಿಂದಲೇ ಹಾಕ್ಕೊಂಡು ಹೋಗಿ, ಇಲ್ಲಾಂದ್ರೆ ಅಲ್ಲೇ ಕೊಳ್ಳಬೇಕಾಗುತ್ತೆ.

ರಾಮೋಜಿಗೆ ಹೋದ ದಿನ ಬೆಳಿಗ್ಗೆ ಏಳಕ್ಕೆ ಟಿಟಿ ಬಂತು. ಒಂಬತ್ತು ಜನ ಎರಡು ಕಾರಲ್ಲಿ ಹೋದ್ರೆ ಮತ್ತೆ ಎರಡು ಗುಂಪಾಗ್ತೀವಿ, ಅದಕ್ಕೆ ಟೆಂಪೋ ಟ್ರಾವೆಲರ್. ಊರೊಳಗೆ ಎಲ್‌ಬಿ ನಗರದ ಮೇಲೆ ಹೋಗದೆ ರಿಂಗ್ ರೋಡ್ ಹಿಡಿದು ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದ್ವಿ. ಕಿಲೋಮೀಟರ್ ಜಾಸ್ತಿ, ನಿಲ್ಲೋದು ಕಡಿಮೆ. ದಾರಿಯಲ್ಲಿ ಎರಡು ಸಲ ಟಾಯ್ಲೆಟ್‌ಗೆ ನಿಲ್ಲಿಸಿದೆ. ಅಮ್ಮ ಕೇಳೋ ಮುಂಚೆ ನಾನೇ ‘ನನಗೆ ಹೋಗ್ಬೇಕು’ ಅಂದೆ. ಅಮ್ಮ ನೀರು ಕುಡಿದರು.

ಅಮ್ಮ ಒಂದು ದೊಡ್ಡ ಡಬ್ಬಿ ಮಂಡಕ್ಕಿ ತಂದಿದ್ರು. ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂತ ಹೇಳಿದ್ದೆ, ನಂಬಿರಲಿಲ್ಲ. ‘ಮಂಡಕ್ಕಿ ತಿಂಡಿ ಏನೋ?’ ಡಬ್ಬಿ ಟಿಟಿಯಲ್ಲೇ ಉಳೀತು.

ಈಗ ನಾನು ಪ್ಲಾನ್ ಮಾಡದೇ ಇದ್ದದ್ದು. ಬಸ್ಸು ಸೆಟ್‌ಗಳ ನಡುವೆ ಹೋಗ್ತಾ ಇದೆ. ಗೈಡ್ ಇದು ಏರ್‌ಪೋರ್ಟು, ಇದು ಆಸ್ಪತ್ರೆ, ಈ ಸಿನಿಮಾ, ಆ ಸಿನಿಮಾ ಅಂತಿದ್ದಾನೆ. ಅಕ್ಕನ ಮಗ ಫೋನಲ್ಲಿ ತಲೆ ಹಾಕಿದ್ದಾನೆ, ಪಕ್ಕದ ಸೀಟಲ್ಲಿ ಅಪ್ಪಾಜಿ. ಅವರಿಬ್ಬರಿಗೂ ಮಾತೇ ಇಲ್ಲ. ಅವನಿಗೆ ಕನ್ನಡ ಅರ್ಥ ಆಗುತ್ತೆ, ಆಡೋಕೆ ನಾಚಿಕೆ. ಅಪ್ಪಾಜಿಗೆ ಅವನ ಇಂಗ್ಲಿಷ್ ಹಿಡಿಯೋದೇ ಇಲ್ಲ. ಅಷ್ಟರಲ್ಲಿ ರೈಲ್ವೆ ಸ್ಟೇಷನ್ ಸೆಟ್ ಬಂತು. ಹುಡುಗ ತಲೆ ಎತ್ತಿ ‘ಇಸ್ ದಟ್ ರಿಯಲ್?’ ಅಂದ.

ಅಪ್ಪಾಜಿ ರೈಲ್ವೆಯಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದೋರು. ಬೀರೂರಿಗೂ ಹುಬ್ಬಳ್ಳಿಗೂ ನಡುವಿನ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲಿ, ಮೀಟರ್ ಗೇಜ್ ಕಾಲದಲ್ಲಿ. ಅವರು ಕನ್ನಡಕ ಸರಿ ಮಾಡ್ಕೊಂಡು ಹುಡುಗನಿಗೆ ‘ಟೋಕನ್ ಗೊತ್ತಾ ನಿಂಗೆ?’ ಅಂತ ಕೇಳಿದ್ರು.

ಟೋಕನ್! ಆ ಹುಡುಗನಿಗೆ ಗೊತ್ತಿಲ್ದೇ ಇರುತ್ತಾ, ವಿಡಿಯೋ ಗೇಮ್ ಆಡೋನಿಗೆ. ಅಪ್ಪಾಜಿ ಶುರು ಮಾಡಿದ್ರು. ಒಂಟಿ ಹಳಿ, ಎರಡೂ ಕಡೆಯಿಂದ ರೈಲು ಬಂದ್ರೆ ಡಿಕ್ಕಿ. ಅದಕ್ಕೆ ಎರಡು ಸ್ಟೇಷನ್ನಲ್ಲೂ ಒಂದೊಂದು ಯಂತ್ರ, ಒಳಗೆ ಕಬ್ಬಿಣದ ಚೆಂಡು. ಆ ಕಡೆ ಮಾಸ್ಟರ್ ಒಪ್ಪಿದ್ರೆ ಮಾತ್ರ ಈ ಕಡೆ ಒಂದು ಚೆಂಡು ಹೊರಗೆ ಬರುತ್ತೆ. ಅದು ಹೊರಗಿರೋ ತನಕ ಎರಡೂ ಯಂತ್ರದಿಂದ ಇನ್ನೊಂದು ಬರಲ್ಲ. ಚೆಂಡು ಕೈಲಿಲ್ದೆ ಡ್ರೈವರ್ ರೈಲು ಬಿಡೋ ಹಾಗಿಲ್ಲ. ನಿಲ್ಲದೇ ಹೋಗೋ ಗಾಡಿಗೆ ಹೇಗೆ ಕೊಡೋದು? ಚೆಂಡನ್ನ ಚರ್ಮದ ಚೀಲದಲ್ಲಿ ಹಾಕಿ, ಅದಕ್ಕೊಂದು ದೊಡ್ಡ ಬೆತ್ತದ ಬಳೆ ಕಟ್ಟಿ, ಪ್ಲಾಟ್‌ಫಾರ್ಮಲ್ಲಿ ಕೈ ಎತ್ತಿ ಹಿಡೀಬೇಕು. ಓಡೋ ಇಂಜಿನ್ನಿಂದ ಕೈ ಚಾಚಿ ಬಳೆಯೊಳಗೆ ತೋಳು ತೂರಿಸಿ ಎತ್ಕೊಳ್ತಾರೆ. ಅಪ್ಪಾಜಿ ಸೀಟಿನಲ್ಲೇ ಅರ್ಧ ಎದ್ದು ತೋಳು ಎತ್ತಿ ತೋರಿಸಿದ್ರು. ಗೈಡ್ ಮಾತು ನಿಲ್ಲಿಸಿ ನೋಡಿದ.

ಸಿಗ್ನಲ್, ಪ್ಲಾಟ್‌ಫಾರ್ಮ್, ಗಾರ್ಡ್, ಬ್ಲಾಕ್, ಟೋಕನ್. ಅಪ್ಪಾಜಿಯ ಕನ್ನಡದಲ್ಲಿ ಅರ್ಧ ರೈಲ್ವೆ ಇಂಗ್ಲಿಷ್ ಇತ್ತು ಅನ್ನೋದು ನನಗೆ ಅವತ್ತೇ ಹೊಳೆದಿದ್ದು. ಹುಡುಗನಿಗೆ ಅಷ್ಟು ಸಾಕಾಯ್ತು. ಚಿಟ್ಟೆ ಪಾರ್ಕಲ್ಲಿ, ಬಾಹುಬಲಿ ಸೆಟ್ಟಲ್ಲಿ, ಊಟದಲ್ಲಿ, ಅಜ್ಜನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಒಂದು ಸ್ಟಂಟ್ ಶೋ ತಪ್ಪಿತು, ಯಾರೂ ಕೇಳಲಿಲ್ಲ. ಮೊಮ್ಮಗಳು? ಅವಳು ಅಷ್ಟೇನೂ ಬದಲಾಗಲಿಲ್ಲ, ಹದಿಮೂರು ವರ್ಷ ಅಲ್ವಾ, ದಿನವಿಡೀ ಸೆಲ್ಫಿ. ಆದ್ರೆ ಸಂಜೆ ಟಿಟಿಯಲ್ಲಿ ಮಂಡಕ್ಕಿ ಡಬ್ಬಿ ತೆಗೆದಾಗ ಅಮ್ಮನ ತೊಡೆ ಮೇಲೆ ತಲೆ ಇಟ್ಟು ಮಲಗಿಕೊಂಡೇ ತಿಂದಳು. ಖಾರ ಅಂತ ಕಣ್ಣೀರು ಹಾಕ್ಕೊಂಡು ಮತ್ತೆ ಕೇಳಿದಳು.

ಮರೆತಿದ್ದೆ, ಗೋಲ್ಕೊಂಡ, ಚಾರ್‌ಮಿನಾರ್‌ಗೂ ಹೋಗೋರಿದ್ರೆ ಮಕ್ಕಳ ಓಸಿಐ ಕಾರ್ಡ್ ಜೊತೆಗಿರಲಿ. ಟಿಕೆಟ್ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300. ಸ್ಮಾರಕಗಳಲ್ಲಿ ಓಸಿಐ ಇರೋರಿಗೆ ಭಾರತೀಯರ ದರವೇ ಅನ್ವಯ. ಕೌಂಟರಲ್ಲಿ ಕೇಳದೇ ಇದ್ರೆ ನೀವೇ ತೋರಿಸಿ.

ಅಕ್ಕನೋರು ವಾಪಸ್ ಹೋಗಿ ತಿಂಗಳುಗಳಾದ್ವು. ಈಗ ಭಾನುವಾರ ಬೆಳಿಗ್ಗೆ, ಅವರಿಗೆ ಶನಿವಾರ ರಾತ್ರಿ, ಆ ಹುಡುಗ ದಾವಣಗೆರೆಗೆ ನೇರವಾಗಿ ವಿಡಿಯೋ ಕಾಲ್ ಮಾಡ್ತಾನೆ. ಮೊದಲೆಲ್ಲ ಅಕ್ಕ ಫೋನ್ ಹಿಡಿದು ‘ಅಜ್ಜಂಗೆ ಹಾಯ್ ಹೇಳು’ ಅನ್ಬೇಕಿತ್ತು. ಹೋದ ವಾರ ನಾನೂ ಊರಲ್ಲಿದ್ದೆ. ಅವನು ಕೇಳಿದ, ಅರ್ಧ ಕನ್ನಡದಲ್ಲಿ, ‘ಅಜ್ಜ, ಡ್ರೈವರ್ ಟೋಕನ್ ಡ್ರಾಪ್ ಮಾಡಿದ್ರೆ?’

ಅಪ್ಪಾಜಿ ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. ‘ಒಂದ್ಸಲ ಹಂಗೇ ಆಗಿತ್ತು’ ಅಂತ ಶುರು ಮಾಡಿದ್ರು. ನಲವತ್ತು ವರ್ಷದ ಹಿಂದಿನ ಮಾತು. ಮಳೆ, ರಾತ್ರಿ, ಕೈಲಿ ಲಾಟೀನು. ನಾನು ಅವರ ಮಗ, ಆ ಕಥೆ ಅದುವರೆಗೂ ಕೇಳಿರಲಿಲ್ಲ. ಹೋಗಿ ಫೋನಿನ ಹಿಂದೆ ಕೂತ್ಕೊಂಡೆ.