ಸಮಷ್ಟಿಯ ಹೊಣೆ, ವ್ಯಕ್ತಿಯ ಸಹಕಾರ



ಬಸದಿಯ ಪ್ರತಿಷ್ಠೆ ನೆರವೇರುವ ದಿನಗಳಲ್ಲಿ ಕೆಲಸಕ್ಕೆ ಜನರ ಕೊರತೆ ಇರುವುದಿಲ್ಲ. ಚಪ್ಪರ ಹಾಕುವವರು, ಪಾಕಶಾಲೆಯಲ್ಲಿ ದುಡಿಯುವವರು, ದೂರದ ಊರುಗಳಿಂದ ಬಂದವರಿಗೆ ಬಿಡಾರ ಒದಗಿಸುವವರು ಕೇಳದೆಯೇ ಮುಂದೆ ಬರುತ್ತಾರೆ. ಪಂಚಕಲ್ಯಾಣ ಮುಗಿದು, ಚಪ್ಪರ ಬಿಚ್ಚಿ, ಮಳೆಗಾಲ ಹಿಡಿದ ಮೇಲೆ ಸೋರುವ ಮಾಡನ್ನು ಯಾರು ನೋಡಬೇಕು, ನಿತ್ಯಪೂಜೆಯ ಅಕ್ಕಿ-ಎಣ್ಣೆಗಳ ಲೆಕ್ಕ ಯಾರದು ಎಂಬ ಪ್ರಶ್ನೆ ಏಳುತ್ತದೆ. ಆಗ ಸಾಮಾನ್ಯವಾಗಿ ಉಳಿಯುವವರು ಒಬ್ಬ ಇಂದ್ರರು ಮತ್ತು ಒಬ್ಬಿಬ್ಬರು ಮೊಕ್ತೇಸರರು. ಇದಕ್ಕೆ ಭಕ್ತಿಯ ಅಭಾವವೇ ಕಾರಣವೆನ್ನುವುದು ವಾಡಿಕೆ. ಭಕ್ತಿ ಇದ್ದೂ ಕೆಲಸ ನಿಲ್ಲುವುದುಂಟು. ಹೊಣೆಯನ್ನು ಹಂಚಿ ಕೊಟ್ಟಿಲ್ಲದಿರುವುದು ಅದಕ್ಕೆ ಹೆಚ್ಚು ಸಮೀಪದ ಕಾರಣ. ಗೇರುಸೊಪ್ಪೆಯ ಚತುರ್ಮುಖ ಬಸದಿ ಕಾಡಿನ ನಡುವೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ನಿಂತಿದೆ. ಅದನ್ನು ಕಟ್ಟಿಸಿದ ಸಮಾಜ ಅಲ್ಲಿಂದ ಚದುರಿ ಶತಮಾನಗಳಾದವು.

ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬುದನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅದು ಸಭಿಕರಲ್ಲಿ ಅನೇಕರಿಗೆ ಕಂಠಸ್ಥವಾಗಿರುವ ಮಾತು. ಆ ಉಪಕಾರ ಲೋಕವ್ಯವಹಾರದಲ್ಲಿ ಯಾವ ಏರ್ಪಾಡಿನಿಂದ ಗಟ್ಟಿಗೊಳ್ಳುತ್ತದೆ ಎಂಬುದೇ ಇಲ್ಲಿಯ ವಿಚಾರ.

ಕಾರವಾರ, ಅಂಕೋಲಾ, ಕುಮಟಾ ತಾಲೂಕುಗಳ ನದೀಮುಖಗಳಲ್ಲಿ ಗಜನಿ ಎಂಬ ಭೂಮಿಯುಂಟು. ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳು ಕಡಲನ್ನು ಸೇರುವ ಕಡೆ ಭರತದ ವೇಳೆ ಉಪ್ಪುನೀರು ಒಳನುಗ್ಗುವ ತಗ್ಗು ಪ್ರದೇಶವದು. ಅಲ್ಲಿ ಕಗ್ಗ ಎಂಬ ಉಪ್ಪು ಸಹಿಸುವ ಭತ್ತವನ್ನು ತಲೆತಲಾಂತರದಿಂದ ಬೆಳೆಯುತ್ತ ಬಂದಿದ್ದಾರೆ. ಮುಂಗಾರಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಚೆಲ್ಲುತ್ತಾರೆ. ಮಳೆಗಾಲ ಕಳೆದ ಮೇಲೆ ಕೊಯ್ಲು. ಗೊಬ್ಬರ ಬೇಡ, ಔಷಧಿ ಬೇಡ. ಬೇಕಾದದ್ದು ಒಂದೇ, ಹೊಳೆಯ ಬದಿಯ ಮಣ್ಣಿನ ಕಟ್ಟು ಗಟ್ಟಿಯಾಗಿರಬೇಕು.

ಒಳಗೆ ಎಷ್ಟು ಜನ ಒಡೆಯರಿದ್ದರೂ ಹೊರಗಿನ ಕಟ್ಟು ಒಂದೇ. ಒಬ್ಬನ ಪಾಲಿನ ಕಟ್ಟಿನಲ್ಲಿ ಏಡಿ ಕೊರೆದ ಬಿಲವನ್ನು ಮುಚ್ಚದೆ ಬಿಟ್ಟರೆ ಹುಣ್ಣಿಮೆಯ ಭರತದಲ್ಲಿ ನೀರು ಅಲ್ಲಿಂದಲೇ ಒಡೆಯುತ್ತದೆ. ಒಳಬಂದ ಉಪ್ಪುನೀರು ಯಾರ ಗದ್ದೆ ಯಾವುದೆಂದು ವಿಚಾರಿಸುವುದಿಲ್ಲ. ತೂಬಿನ ಹಲಗೆಯನ್ನು ಇಳಿತದಲ್ಲಿ ಎತ್ತಿ ಭರತದಲ್ಲಿ ಇಳಿಸುವ ಕೆಲಸವೂ ಹಾಗೆಯೇ. ಒಂದು ಹೊತ್ತು ತಪ್ಪಿದರೆ ಎಲ್ಲರ ಬೆಳೆಗೂ ಹಾನಿ. ಆದ್ದರಿಂದ ಮಳೆಗೆ ಮುಂಚೆ ಕಟ್ಟು ಹಾಕಲು ಊರೇ ಇಳಿಯುತ್ತಿತ್ತು. ಮೈಗಳ್ಳನಿಗೆ ನೆರೆಯವನೇ ಎಚ್ಚರಿಕೆ ಕೊಡುತ್ತಿದ್ದ. ಕಾಯಿಲೆ ಬಿದ್ದವನ ಪಾಲಿನ ಕೆಲಸವನ್ನೂ ಅದೇ ನೆರೆಯವನು ಮಾಡುತ್ತಿದ್ದ. ಎರಡಕ್ಕೂ ಕಾರಣ ಒಂದೇ ಎಂಬುದು ಗಮನಾರ್ಹ. ಇನ್ನೊಬ್ಬನ ಲೋಪ ತನ್ನ ನಷ್ಟವಾಗುವಲ್ಲಿ ಗದರಿಕೆಯೂ ನೆರವೂ ಒಂದೇ ಮೂಲದಿಂದ ಹೊರಡುತ್ತವೆ.

1970ರ ದಶಕದಲ್ಲಿ ಸರಕಾರ ಅಘನಾಶಿನಿಯ ಗಜನಿಗಳಿಗೆ ಶಾಶ್ವತ ಕಟ್ಟುಗಳನ್ನು ನಿರ್ಮಿಸಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟು ಸರಕಾರದ್ದಾದ ಮೇಲೆ ಬಿಲ ಮುಚ್ಚುವುದೂ ಸರಕಾರದ್ದೇ ಆಯಿತು. ವರ್ಷಕ್ಕೊಮ್ಮೆ ಊರನ್ನು ಕೂಡಿಸುತ್ತಿದ್ದ ಕಾರಣ ಇಲ್ಲವಾಯಿತು. ಮುಂದೆ ಸಿಗಡಿ ಕೃಷಿಯ ಲಾಭ ಕಂಡವರು ಉಪ್ಪುನೀರು ಒಳಗೇ ನಿಲ್ಲಲೆಂದರು, ಭತ್ತ ಬೆಳೆಯುವವರು ಹೊರಗೆ ಹೋಗಲೆಂದರು. ಎಷ್ಟೋ ಗಜನಿಗಳಲ್ಲಿ ಕಗ್ಗ ಮಾಯವಾಯಿತು. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಸಂಘ ಕಟ್ಟಿಕೊಂಡು ಒಟ್ಟಾಗಿ ಬೇಸಾಯ ನಡೆಸಿದ್ದರಿಂದ ಆ ತಳಿ ಉಳಿದು ಬಂದಿದೆ. ಇಂಜಿನಿಯರರ ಕಲ್ಲಿನ ಕಟ್ಟಿಗಿಂತ ಹಳೆಯ ಮಣ್ಣಿನ ಕಟ್ಟು ಮೇಲೆಂದು ಇದರ ಅರ್ಥವಲ್ಲ. ಕಟ್ಟನ್ನು ಕೊಟ್ಟವರು ಅದರ ಉಸ್ತುವಾರಿಯನ್ನೂ ಊರಿನ ಕೈಯಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಹಣದ ವ್ಯವಹಾರದಲ್ಲಿ ಇದೇ ತತ್ತ್ವವನ್ನು ಪ್ರಯೋಗಿಸಿದ ಕೀರ್ತಿ ಗದಗ ಸಮೀಪದ ಕಣಗಿನಹಾಳಕ್ಕೆ ಸಲ್ಲುತ್ತದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಬೆನ್ನಿಗೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಹಳ್ಳಿಯ ಬಡವರಿಗಾಗಿ ರೂಪಿಸಿದ್ದ ಪದ್ಧತಿ ಆ ಕಾಯಿದೆಗೆ ಮಾದರಿ. ಗ್ರಾಮೀಣ ಸಂಘಗಳಿಗೆ ಆಗ ಅಪರಿಮಿತ ಹೊಣೆ ಎಂಬುದು ಸಾಮಾನ್ಯ ನಿಯಮ. ಸಂಘದ ಸಾಲ ತೀರದಿದ್ದರೆ ಸದಸ್ಯರೆಲ್ಲರೂ ತಮ್ಮ ಆಸ್ತಿಯಿಂದ ಅದನ್ನು ತುಂಬಿಕೊಡಬೇಕು. ಕೇಳಿದರೆ ಎದೆ ನಡುಗುವ ಷರತ್ತು! ಆದರೂ ಅಡವಿಡಲು ಏನೂ ಇಲ್ಲದ ರೈತನಿಗೆ ಸಾಹುಕಾರನ ಬಡ್ಡಿಯಿಂದ ಬಿಡುಗಡೆಯ ದಾರಿ ತೋರಿಸಿದ್ದು ಆ ಷರತ್ತೇ. ಹೊರಗಿನ ಬ್ಯಾಂಕಿಗೆ ರೈತನ ನಡತೆ ಗೊತ್ತಿಲ್ಲ. ಪಕ್ಕದ ಮನೆಯವನಿಗೆ ಗೊತ್ತು. ಸಾಲ ಎತ್ತಿಗೋ, ಮದುವೆಯ ಆಡಂಬರಕ್ಕೋ ಎಂದು ಕೇಳುವ ಅಧಿಕಾರ ಅವನಿಗೆ ಬಂತು, ಏಕೆಂದರೆ ಕೊನೆಗೆ ತೀರಿಸಬೇಕಾದವನು ತಾನೂ ಹೌದು.

1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳು ಇನ್ನೊಂದು ಬಗೆಯವು. ಕೆಲವೇ ಸಣ್ಣ ರೈತರು ಒಂದು ತಂಡವಾಗಿ, ವಾರದಲ್ಲಿ ಒಂದು ದಿನ ಸರದಿಯಂತೆ ಒಬ್ಬೊಬ್ಬರ ಹೊಲದಲ್ಲಿ ಎಲ್ಲರೂ ದುಡಿಯುತ್ತಾರೆ. ಇಂದು ಇವನ ಬಾವಿ, ಮುಂದಿನ ವಾರ ಅವನ ತೋಟ. ತಂಡ ಚಿಕ್ಕದಾಗಿರುವುದು ಇಲ್ಲಿ ಮುಖ್ಯ. ಬಾರದವನ ಮುಖ ಎಲ್ಲರಿಗೂ ನೆನಪಿರುತ್ತದೆ. ಇನ್ನೂರು ಜನರ ಸಭೆಯಲ್ಲಿ ಇಂಥ ನೆನಪು ಇರುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹೊಣೆಯನ್ನು ಹೊತ್ತವರೇ ಒಪ್ಪಿ ಹೊತ್ತಿರಬೇಕು. ಮೇಲಿನಿಂದ ಹೇರಿದ ಹೊಣೆ ನೆರೆಹೊರೆಯನ್ನು ಕೆಡಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗುಂಪು ಸಾಲಗಳ ಹೆಸರಿನಲ್ಲಿ ಕಂತು ತಪ್ಪಿದವಳ ಮನೆಯ ಮುಂದೆ ಉಳಿದ ಹೆಂಗಸರನ್ನು ಕೂರಿಸಿ ವಸೂಲಿ ಮಾಡುವ ಪರಿಪಾಠ ಹಲವೆಡೆ ಬೆಳೆಯಿತು. ಸಾಲ ಕೊಡುವುದೋ ಬಿಡುವುದೋ ನಿರ್ಧರಿಸಿದ್ದು ಸಂಸ್ಥೆ. ನಿಷ್ಠುರವನ್ನು ಹೊತ್ತದ್ದು ಓರಗೆಯ ಗೆಳತಿಯರು. 2025ರಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಣಗಿನಹಾಳದ ಸದಸ್ಯನಿಗೆ ಹೊಣೆಯ ಜೊತೆಗೆ ಇಲ್ಲವೆನ್ನುವ ಹಕ್ಕೂ ಇತ್ತು. ಇವರಿಗೆ ಹೊಣೆ ಮಾತ್ರ.

ಒಪ್ಪಿ ಹೊತ್ತ ಹೊಣೆ ಎಷ್ಟು ಭಾರವನ್ನು ತಡೆಯಬಲ್ಲುದೆಂಬುದಕ್ಕೆ ಅಂಕೋಲೆಯೇ ಸಾಕ್ಷಿ. 1930ರ ಏಪ್ರಿಲಿನಲ್ಲಿ ಅಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅನಂತರದ ಕರನಿರಾಕರಣೆಯಲ್ಲಿ ಅಂಕೋಲಾ ಮತ್ತು ಸಿದ್ದಾಪುರಗಳ ರೈತರು ಹೊಲ-ಮನೆಗಳ ಮುಟ್ಟುಗೋಲನ್ನು ಸಹಿಸಿದರು. ಒಂದು ಮನೆ ಮಾತ್ರ ಕರ ಕೊಡದಿದ್ದರೆ ಅದು ದಂಡದಲ್ಲಿ ಮುಗಿಯುತ್ತಿತ್ತು. ನೆರೆಯವನೂ ಕೊಡಲಿಲ್ಲ ಎಂಬುದೇ ಪ್ರತಿಯೊಬ್ಬನ ಬಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಮುಟ್ಟುಗೋಲಾದ ಭೂಮಿ ಮರಳಿ ದೊರೆಯುವ ಏರ್ಪಾಡಾಯಿತು.

ಅರ್ಗಾ ಊರಿನ ವಿಷಯ ಬೇರೆ. ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಬದಿಯ ಈ ಕಡಲ ತೀರದ ಭೂಮಿ ಸೀಬರ್ಡ್ ನೌಕಾನೆಲೆಗೆ ಸೇರಿತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು, 2005ರಲ್ಲಿ ಐ.ಎನ್.ಎಸ್. ಕದಂಬ ಎಂಬ ಹೆಸರಿನಿಂದ ನೆಲೆ ಕಾರ್ಯಾರಂಭ ಮಾಡಿತು. ಅರ್ಗಾ ಮತ್ತು ಸುತ್ತಲಿನ ಊರುಗಳ ಕುಟುಂಬಗಳು ತೋಡೂರು ಮೊದಲಾದ ಕಡೆಗಳ ಕಾಲೊನಿಗಳಿಗೆ ಹೋದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿ-ಕೋರ್ಟುಗಳನ್ನು ಅಲೆಯಬೇಕಾಯಿತು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭೂಸ್ವಾಧೀನದ ಪರಿಹಾರ ಸರ್ವೇ ನಂಬರಿನ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಬರುವಂಥದು. ಬಾವಿಕಟ್ಟೆಗೆ ಬೆಲೆ ಕಟ್ಟಬಹುದು, ನೀರಿನ ಸರದಿಗೆ ಕಟ್ಟಲಾಗದು. ಪಕ್ಕದ ಮನೆಯವನೇ ಬದಲಾದಾಗ ಯಾರು ಯಾರಿಗೆ ಹೊಣೆ ಎಂಬ ಲೆಕ್ಕವನ್ನು ಮೊದಲಿನಿಂದ ಹೂಡಬೇಕಾಗುತ್ತದೆ. ಅದಕ್ಕೆ ಒಂದು ತಲೆಮಾರು ಹಿಡಿದರೂ ಆಶ್ಚರ್ಯವಿಲ್ಲ.

ನೌಕಾನೆಲೆಗೆ ಯಾವ ವಂಶದ ಹೆಸರಿಟ್ಟರೋ ಆ ಕದಂಬರ ಮೃಗೇಶವರ್ಮನ ದೇವಗಿರಿಯ ತಾಮ್ರಶಾಸನದಲ್ಲಿ ಕಾಲವಂಗವೆಂಬ ಗ್ರಾಮವನ್ನು ಮೂರು ಪಾಲು ಮಾಡಿದ ಉಲ್ಲೇಖವಿದೆ: ಜಿನೇಂದ್ರನಿಗೆ ಒಂದು, ಶ್ವೇತಪಟ ಸಂಘಕ್ಕೆ ಒಂದು, ನಿರ್ಗ್ರಂಥ ಸಂಘಕ್ಕೆ ಒಂದು. ಒಂದೇ ಊರಿನ ಬೆಳೆ ಎರಡು ಪಂಥಗಳನ್ನು ಪೋಷಿಸಿತು.

ಅದಕ್ಕಿಂತ ನಿಚ್ಚಳವಾದುದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಎದ್ದಾಗ ಅರಸನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿರಿಸಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಉಳಿಯಿತು. ಜೈನ ದರ್ಶನಕ್ಕೆ ಒದಗುವ ಹಾನಿ-ವೃದ್ಧಿಗಳನ್ನು ವೈಷ್ಣವರು ತಮ್ಮವೇ ಎಂದು ಬಗೆಯಬೇಕೆಂದು ನಿಬಂಧನೆಯಾಯಿತು. ಕೈ ಹಿಡಿಸಿ ಕಳುಹಿಸಿದ್ದರೆ ಅದು ಅಂದಿನ ಮಾತಾಗಿ ಹೋಗುತ್ತಿತ್ತೋ ಏನೋ. ಅರಸನು ಕೆಲಸವನ್ನೂ ಹಂಚಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತುವವರು ತಿರುಮಲೆಯ ತಾತಯ್ಯನವರು. ಆ ಹಣದಿಂದ ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಒಬ್ಬರದು, ಲೆಕ್ಕ ಮತ್ತೊಬ್ಬರದು! ಮುಂದೆ ಕಲ್ಲೆಹದ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಿಸಿ ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಆ ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇದೆ. ಯಾತ್ರೆಗೆ ಹೋದವರು ಬೆಟ್ಟ ಇಳಿದು ಬಂದ ಮೇಲೆ ಅದನ್ನು ನೋಡಬಹುದು.