ಎರಡನೆಯ ಸೂಜಿಗೆ ಏಕೆ ಕಾಯಬೇಕಾಯಿತು?



ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮ ಹಿರಿಯರು, 2021ನೆಯ ಇಸವಿಯಲ್ಲಿ ನಿಲಕ್ಕೋಟ್ಟೈಯ ಹೂವಿನ ಮಾರುಕಟ್ಟೆಯಿಂದ ಮರಳುವಾಗ ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕೋವಿಶೀಲ್ಡಿನ ಎರಡನೆಯ ಸೂಜಿ ಮೊದಲು 4ರಿಂದ 6 ವಾರಕ್ಕೆ ಎಂದರು, ಮಾರ್ಚಿಯಲ್ಲಿ 6ರಿಂದ 8 ಎಂದರು, ಈಗ 12ರಿಂದ 16 ಎನ್ನುತ್ತಾರೆ. ಮದ್ದು ಮುಗಿದುಹೋಯಿತೇ, ಅಯ್ಯಾ?”

ಆ ಸಂಶಯ ನಿರಾಧಾರವಾಗಿರಲಿಲ್ಲ. ಆಗ ಲಸಿಕೆಯ ಅಭಾವ ನಿಜವಾಗಿಯೂ ಇದ್ದಿತು. ಆದರೆ ಅದು ಅರ್ಧ ಉತ್ತರ ಮಾತ್ರ.

ಪುಣೆಯಲ್ಲಿ ತಯಾರಾದ ಆ ಲಸಿಕೆಯಲ್ಲಿದ್ದುದು ಚಿಂಪಾಂಜಿಯ ಅಡಿನೋ ವೈರಾಣು. ಅದು ಒಳಗೆ ವೃದ್ಧಿಯಾಗದಂತೆ ಮಾಡಿ, ಕೊರೋನಾದ ಮುಳ್ಳಿನ ರಚನೆಯನ್ನು ತಿಳಿಸುವ ವಂಶಸೂತ್ರವನ್ನು ಅದರಲ್ಲಿ ಸೇರಿಸಿದ್ದರು. ನಮ್ಮ ಜೀವಕೋಶವು ಆ ಓಲೆಯನ್ನೋದಿ ಮುಳ್ಳನ್ನು ತಾನೇ ತಯಾರಿಸುತ್ತದೆ. ಅದನ್ನು ಕಂಡು ದೇಹವು ಶತ್ರುವಿನ ಗುರುತು ಕಲಿಯುತ್ತದೆ. ವೈರಾಣು ಕೇವಲ ಅಂಚೆಯವನು.

ತೊಡಕು ಇಲ್ಲಿಯೇ. ದೇಹವು ಓಲೆಯನ್ನಷ್ಟೇ ಅಲ್ಲ, ಅಂಚೆಯವನನ್ನೂ ನೆನಪಿಡುತ್ತದೆ. ಮನೆಯ ನಾಯಿ ಒಮ್ಮೆ ಶತ್ರುವೆಂದು ಬಗೆದವನನ್ನು ಮರುಸಲ ಬಾಗಿಲಲ್ಲೇ ತಡೆಯುವುದಿಲ್ಲವೇ? ಮನುಷ್ಯರ ಅಡಿನೋ ವೈರಾಣುಗಳು ನೆಗಡಿಯ ರೂಪದಲ್ಲಿ ಬಾಲ್ಯದಲ್ಲೇ ಅನೇಕರಿಗೆ ಪರಿಚಿತ; ಆದ್ದರಿಂದಲೇ ಆಕ್ಸ್‌ಫರ್ಡಿನ ವಿದ್ವಾಂಸರು ಅಪರಿಚಿತನಾದ ಚಿಂಪಾಂಜಿಯ ದೂತನನ್ನು ಆರಿಸಿದರು. ರಷ್ಯದವರು ಸ್ಪುಟ್ನಿಕ್ ಲಸಿಕೆಯಲ್ಲಿ ಮೊದಲ ಸೂಜಿಗೆ ಒಬ್ಬ ದೂತ, ಎರಡನೆಯದಕ್ಕೆ ಇನ್ನೊಬ್ಬ ಎಂದು ಏರ್ಪಡಿಸಿದರು. 2020ರಲ್ಲಿ ಯೂರೋಪು ಒಪ್ಪಿದ ಎಬೋಲಾ ಲಸಿಕೆಯೊಂದರಲ್ಲಿ ಎರಡನೆಯ ದೂತ ಯಾರು ಬಲ್ಲಿರಾ? ಸಿಡುಬಿನ ನಿವಾರಣೆಗೆಂದು ನಮ್ಮ ಅಜ್ಜಿಯರ ತೋಳಿಗೆ ‘ದೇವಿ’ ಹಾಕುತ್ತಿದ್ದ ವೈರಾಣುವಿನ ಸಾಧುಗೊಳಿಸಿದ ಸಂತತಿ!

ಇನ್ನೊಂದು ಮಾರ್ಗ ಕಾಯುವುದು. ವಾರಗಳು ಕಳೆದಂತೆ ಸ್ಮೃತಿಕೋಶಗಳು ಪಕ್ವವಾಗಿ, ಎರಡನೆಯ ಸೂಜಿಗೆ ಹೆಚ್ಚು ಬಲದಿಂದ ಓಗೊಡುತ್ತವೆ. 2021ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ, 6 ವಾರಕ್ಕಿಂತ ಕಡಿಮೆ ಅಂತರದಲ್ಲಿ ರಕ್ಷಣೆ ಶೇಕಡಾ 55. 12 ವಾರ ಅಥವಾ ಹೆಚ್ಚಿನ ಅಂತರದಲ್ಲಿ ಶೇಕಡಾ 81.

ಆದರೆ ಕಾಯುವಿಕೆಗೂ ಬೆಲೆಯುಂಟು. ಡೆಲ್ಟಾ ರೂಪದ ಮುಂದೆ ಒಂದೇ ಸೂಜಿಯ ರಕ್ಷಣೆ ದುರ್ಬಲವಾಗಿತ್ತು. ಮೇ 13ರಂದು ಭಾರತ ಅಂತರವನ್ನು ಹೆಚ್ಚಿಸಿತು. ಮರುದಿನವೇ ಬ್ರಿಟನ್ 50 ವರ್ಷ ಮೀರಿದವರಿಗೆ 12 ವಾರವನ್ನು 8ಕ್ಕೆ ಇಳಿಸಿತು. ಶಾಸ್ತ್ರ ಒಂದೇ, ಒಬ್ಬರು ದೃಢವಾದ ರಕ್ಷಣೆಯನ್ನು ನೋಡಿದರು, ಮತ್ತೊಬ್ಬರು ಶೀಘ್ರ ರಕ್ಷಣೆಯನ್ನು. ವಯೋವೃದ್ಧರ ಮಟ್ಟಿಗೆ ಬ್ರಿಟನ್ನಿನ ತೀರ್ಮಾನವೇ ಮೇಲೆಂದು ನಮಗೆ ತೋರುತ್ತದೆ. (ಈ ಬಗೆಯ ಲಸಿಕೆಗಳಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಿದ್ದೂ ನಿಜ, ಅದನ್ನು ಮರೆಮಾಚಲಾರೆವು.)

ಮಲ್ಲಿಗೆ ಕಟ್ಟುವ ಅಜ್ಜಿಯೊಬ್ಬರಿಗೆ ಈಚೆಗೆ ಇದನ್ನೆಲ್ಲ ವಿವರಿಸಿದೆವು. ನಾಯಿಯ ಮಾತು ಬಂದಾಗ ನಕ್ಕರು. ಬಳಿಕ, “ಇದನ್ನು ಆಗಲೇ ಯಾರಾದರೂ ಹೇಳಬಾರದಿತ್ತೇ, ಅಪ್ಪಾ?” ಎಂದರು.